ಮರಣೋನ್ಮುಖರ ಶುಶ್ರೂಷೆಯಲ್ಲಿ ಸತ್ಯದ ಪ್ರಶ್ನೆ

ವಾಸಿಯಾಗತಕ್ಕ ರೋಗಿಯ ಬಳಿಯಲ್ಲಿ ದಾದಿಯು ಮಾಡುವ ಕೆಲಸವನ್ನು ನಮ್ಮ ಹಳ್ಳಿಗಳವರೆಲ್ಲರೂ ಬಲ್ಲರು. ಸೂಜಿ ಚುಚ್ಚುವದು, ಗಾಯವನ್ನು ತೊಳೆದು ಪಟ್ಟಿ ಕಟ್ಟುವದು, ಹೆರಿಗೆಯ ಹೊತ್ತಿನಲ್ಲಿ ತಾಯಿಯ ಕೈಯನ್ನು ಹಿಡಿಯುವದು, ಇವುಗಳ ಪ್ರಯೋಜನವೇನೆಂದು ಯಾರೂ ಕೇಳುವದಿಲ್ಲ. ಆದರೆ ಇನ್ನು ಈ ವ್ಯಾಧಿಯನ್ನು ನೀಗಿಸುವ ಉಪಾಯವಿಲ್ಲವೆಂದು ವೈದ್ಯರು ಹೇಳಿ ಮನೆಗೆ ಕಳುಹಿಸಿದವನ ಬಳಿಗೆ ದಾದಿಯು ಬಂದರೆ, ಸಾಯುವವನಿಗೆ ಇವಳು ಇನ್ನೇನು ಮಾಡುತ್ತಾಳೆಂದು ನೆರೆಯವರು ಬಾಗಿಲಲ್ಲಿ ನಿಂತು ಕೇಳುವದುಂಟು. ಪ್ರಿಯ ವಾಚಕರೇ, ಮಾಡತಕ್ಕದ್ದು ಬಹಳವಿದೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದೆ ಇದ್ದರೆ ಬೆನ್ನಿನಲ್ಲಿಯೂ ಸೊಂಟದಲ್ಲಿಯೂ ಹಾಸಿಗೆ ಹುಣ್ಣು ಬೀಳುತ್ತದೆ. ಒಣಗಿದ ಬಾಯಿಯನ್ನು ಒದ್ದೆ ಅರಿವೆಯಿಂದ ಮೇಲಿಂದ ಮೇಲೆ ಒರಸಬೇಕು. ಕೊಳೆತ ಗಾಯದ ದುರ್ವಾಸನೆಯ ದೆಸೆಯಿಂದ ಮೊಮ್ಮಕ್ಕಳು ಹತ್ತಿರ ಬಾರದೆ ಇದ್ದರೆ, ಮೆಟ್ರೊನಿಡಜೋಲ್ ಎಂಬ ಅಗ್ಗದ ಗುಳಿಗೆಯನ್ನು ಪುಡಿಮಾಡಿ ಗಾಯದ ಮೇಲೆ ಉದುರಿಸುವದರಿಂದ ಕೆಲವು ದಿನಗಳಲ್ಲಿ ವಾಸನೆಯು ತಗ್ಗಿ, ಮಕ್ಕಳು ತಿರಿಗಿ ಮುತ್ಯಾನ ಮಗ್ಗುಲಿಗೆ ಬಂದು ಕೂತುಕೊಳ್ಳುತ್ತಾರೆ. ಇದು ಸಣ್ಣ ಕೆಲಸವೋ?

ಇಂಥಾ ಸೇವೆಗೆ ಈಗ ಉಪಶಾಮಕ ಆರೈಕೆ ಎಂದು ಹೆಸರು. ರೋಗವನ್ನು ಗುಣಪಡಿಸುವದು ಆಗದೆ ಇದ್ದಾಗಲೂ ರೋಗದ ಬಾಧೆಯನ್ನು ತಗ್ಗಿಸುವದೇ ಇದರ ಉದ್ದೇಶ. ಇದನ್ನು ಮಾಡುವ ದಾದಿಯು ನಮಗೆ ದೂರದವಳೆಂದು ಎಣಿಸಬಾರದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಹಳ್ಳಿಗಳ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾರ್ಪಡಿಸುವದಕ್ಕೆ ತೊಡಗಿದರು. ಅಲ್ಲಿ ನಡೆಯತಕ್ಕ 12 ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆಯೂ ಉಪಶಾಮಕ ಆರೈಕೆಯೂ ಒಂದು. ನಮ್ಮ ರಾಜ್ಯದಲ್ಲಿ ಆ ಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿಗಳು ಹೆಚ್ಚಾಗಿ ನಾಲ್ಕು ವರುಷ ಶುಶ್ರೂಷಾ ಶಾಸ್ತ್ರವನ್ನು ಓದಿ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ದಾಖಲು ಮಾಡಿಸಿಕೊಂಡವರೇ. ಕಾಗದದ ಮಾತು ಹಳ್ಳಿಯ ಹಾಸಿಗೆಯ ವರೆಗೆ ನಡೆದು ಬರುವದಕ್ಕೆ ಹೊತ್ತು ಹಿಡಿಯುತ್ತದೆಂಬದು ಬೇರೆ ಮಾತು. ಆದರೂ ನವಲಗುಂದದ ಎರೆ ಸೀಮೆಯಲ್ಲಾಗಲಿ ಕಲಘಟಗಿಯ ಮಲೆನಾಡಿನ ಅಂಚಿನಲ್ಲಾಗಲಿ, ಇಂಥಾ ಮನೆಯ ಹೊಸ್ತಿಲಲ್ಲಿ ನಿಲ್ಲುವ ದಾದಿಯು ಈಗ ನಮ್ಮವರ ಮಗಳೇ ಆಗಿರುವಳು.

ಆ ಹೊಸ್ತಿಲಲ್ಲಿಯೇ ಅವಳಿಗೆ ಎಲ್ಲಾದಕ್ಕಿಂತಲೂ ಕಷ್ಟವಾದ ಕೆಲಸವು ಕಾದುಕೊಂಡಿರುತ್ತದೆ. ಹಿರೇ ಮಗನು ಅವಳನ್ನು ಅಂಗಳದಲ್ಲಿಯೇ ತಡೆದು ಮೆಲ್ಲಗೆ, “ಬಾಯಾರ, ಅಪ್ಪಗ ಏನೂ ಹೇಳಬ್ಯಾಡ್ರಿ. ಹುಣ್ಣು ಆಗೇತಿ, ಮಾಯತೈತಿ ಅಂತ ಹೇಳೇವಿ” ಎಂದು ಕೈ ಮುಗಿಯುತ್ತಾನೆ. ಅವಳು ಒಳಗೆ ಹೋಗಿ ಗಾಯವನ್ನು ತೊಳೆಯುತ್ತಿರುವಾಗ ಅದೇ ಅಪ್ಪನು, ಮಗನು ನೀರು ತರುವದಕ್ಕೆ ಆಚೆಗೆ ಹೋಗುವ ತನಕ ಕಾದಿದ್ದು, “ತಂಗೀ, ನನಗ ಏನಾಗೇತಿ? ಖರೇ ಹೇಳು” ಎಂದು ಕೇಳುತ್ತಾನೆ. ಈಗ ಅವಳು ಏನು ಮಾಡತಕ್ಕದ್ದು? ಮಗನ ಮಾತನ್ನು ಉಳಿಸಿದರೆ ತಂದೆಗೆ ಸುಳ್ಳು ಹೇಳಿದಂತಾಗುವದು. ತಂದೆಗೆ ಸತ್ಯವನ್ನು ಹೇಳಿದರೆ ನಾಳೆ ಆ ಮನೆಯ ಬಾಗಿಲು ತನಗೆ ಮುಚ್ಚೀತು, ಮುಚ್ಚಿದರೆ ಗಾಯವನ್ನು ತೊಳೆಯುವವರೇ ಇಲ್ಲವಾಗುವರು. ಇದನ್ನೇ ನಾವು ಈ ಪುಟಗಳಲ್ಲಿ ವಿಚಾರಿಸಬೇಕೆಂದಿರುತ್ತೇವೆ.

ಮೊದಲು ಮಗನ ಪಕ್ಷವನ್ನು ನ್ಯಾಯವಾಗಿ ನೋಡೋಣ. ಅವನನ್ನು ಸುಳ್ಳುಗಾರನೆಂದು ಬೈಯುವವರ ಪಂಕ್ತಿಯಲ್ಲಿ ನಾವು ನಿಲ್ಲುವದಿಲ್ಲ. ತಂದೆಯು ಎದೆ ಒಡೆದುಕೊಂಡು ಉಣ್ಣುವದನ್ನೇ ಬಿಟ್ಟಾನು, ನಾಲ್ಕು ತಿಂಗಳು ಇರುವವನು ನಾಲ್ಕು ದಿನದಲ್ಲಿ ಹೋದಾನು ಎಂಬ ಭಯವು ಅವನಿಗಿದೆ. ತಂದೆಯು ಹೊತ್ತ ಹೊರೆಗಳನ್ನು ಈಗ ತಾನು ಹೊರುವದೇ ಮಗನ ಧರ್ಮವೆಂದು ಬಾಲ್ಯದಿಂದ ಕಲಿತ ಅವನು, ಈ ದುಃಖದ ಹೊರೆಯನ್ನೂ ತಾನೇ ಹೊರಬೇಕೆಂದು ಎಣಿಸುತ್ತಾನೆ. ಇದಲ್ಲದೆ ಕ್ಯಾನ್ಸರ್ ಎಂಬ ಶಬ್ದಕ್ಕೇ ನಮ್ಮ ಹಳ್ಳಿಗಳಲ್ಲಿ ಒಂದು ಹೆದರಿಕೆ ಅಂಟಿಕೊಂಡಿದೆ. ಅದು ಮುಟ್ಟಿದರೆ ಹತ್ತುವ ರೋಗವೆಂದು ತಿಳಿದವರು ಇನ್ನೂ ಇದ್ದಾರೆ. ಅದು ಮುಟ್ಟುವದರಿಂದ ಹತ್ತುವದಿಲ್ಲ. ಆದರೂ ಮಾತು ಓಣಿಯಲ್ಲಿ ಹಬ್ಬಿದರೆ ಮಗಳ ನಂಟಸ್ತನಕ್ಕೆ ಅಡ್ಡಿಯಾದೀತೆಂದು ತಾಯಂದಿರು ಬಾಯಿ ಮುಚ್ಚಿಕೊಳ್ಳುತ್ತಾರೆ. ಹೀಗಿರಲಾಗಿ ಆ ಮುಚ್ಚುಮರೆಯಲ್ಲಿ ಪ್ರೀತಿಯೂ ಭಯವೂ ಬೆರೆತಿವೆ; ಕಪಟವು ಕಡಿಮೆ.

ಸತ್ಯವನ್ನು ಹೇಳುವದು ವಿಲಾಯತಿಯ ಪದ್ಧತಿ, ಮರೆಮಾಡುವದು ನಮ್ಮ ದೇಶದ ಪದ್ಧತಿ ಎಂದು ಓದಿದವರು ಕೂಡ ಹೇಳುವದನ್ನು ಕೇಳಿದ್ದೇವೆ. ಇದು ನಿಜವಲ್ಲ. 1961ರಲ್ಲಿ ಅಮೇರಿಕಾ ದೇಶದ ಶಿಕಾಗೋ ಪಟ್ಟಣದ ಒಂದು ಆಸ್ಪತ್ರೆಯ 219 ವೈದ್ಯರನ್ನು ಡೊನಾಲ್ಡ್ ಓಕೆನ್ ಎಂಬವರು ವಿಚಾರಿಸಲಾಗಿ, ನೂರರಲ್ಲಿ ಸುಮಾರು 90 ಮಂದಿ ಕ್ಯಾನ್ಸರನ್ನು ರೋಗಿಗೆ ಹೇಳದೆ ಇರುವದೇ ತಮ್ಮ ರೂಢಿಯೆಂದರು. 1979ರಲ್ಲಿ ಆ ದೇಶದ ವೈದ್ಯರನ್ನು ತಿರಿಗಿ ವಿಚಾರಿಸಿದಾಗ ನೂರರಲ್ಲಿ 97 ಮಂದಿ ಹೇಳುವದೇ ಸರಿ ಎಂದರು. ಹದಿನೆಂಟು ವರುಷಗಳಲ್ಲಿ ಇಷ್ಟು ಬದಲಾದದ್ದು ಜನಾಂಗದ ಸ್ವಭಾವವಾಗಿರಲಾರದು. ಅದಕ್ಕಿಂತ ಬಹಳ ಹಿಂದೆ, 1886ರಲ್ಲಿ, ರಷ್ಯಾ ದೇಶದ ತೋಲ್‌ಸ್ತೋಯ್ ಎಂಬವರು ಇವಾನ್ ಇಲ್ಯಿಚ್ ಎಂಬ ನ್ಯಾಯಾಧೀಶನ ಮರಣದ ಕಥೆಯನ್ನು ಪ್ರಕಟಿಸಿದರು. ಅದರಲ್ಲಿ ಆ ಮನುಷ್ಯನನ್ನು ನೋವಿಗಿಂತಲೂ ಹೆಚ್ಚಾಗಿ ಕಾಡುವದು, ಹೆಂಡತಿ ಮಕ್ಕಳು ವೈದ್ಯರು ಎಲ್ಲರೂ ಕೂಡಿ ಅವನು ಸಾಯುತ್ತಾ ಇಲ್ಲವೆಂದು ನಟಿಸುವದೇ. ಗೆರಾಸಿಮ್ ಎಂಬ ಹಳ್ಳಿಯ ಆಳು ಒಬ್ಬನೇ ನಟಿಸುವದಿಲ್ಲ. ಅವನು ಧಣಿಯ ಮಲಪಾತ್ರೆಯನ್ನು ಹೊರುತ್ತಾನೆ, ರಾತ್ರಿಯೆಲ್ಲಾ ಅವನ ಕಾಲುಗಳನ್ನು ತನ್ನ ಹೆಗಲ ಮೇಲೆ ಎತ್ತಿಕೊಂಡು ಕೂತಿರುತ್ತಾನೆ, ಪ್ರಸಂಗವನ್ನೇನೂ ಮಾಡುವದಿಲ್ಲ. ದಾದಿಯ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಚಿತ್ರವನ್ನು ನಾವು ಕಾಣೆವು.

ಇನ್ನು ನಮ್ಮ ಸೀಮೆಯಲ್ಲಿ ಈ ಮುಚ್ಚುಮರೆಯು ಹೇಗೆ ನಡೆಯುತ್ತದೆಂದು ನೋಡಿರಿ. ಬಾಯಲ್ಲಿ ತಂಬಾಕು ಇಟ್ಟುಕೊಂಡು ಮೂವತ್ತು ವರುಷ ಹೊಲ ಗೆಯ್ದವನ ದವಡೆಯಲ್ಲಿ ಹುಣ್ಣು ಏಳುತ್ತದೆ. ಊರಿನ ಡಾಕ್ಟರರು ಚೀಟಿ ಬರೆದುಕೊಟ್ಟು ಹುಬ್ಬಳ್ಳಿಗೆ ಕಳುಹಿಸುತ್ತಾರೆ. ಅಲ್ಲಿ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ; ಕುಂದಗೋಳದಿಂದ ಅಣ್ಣಿಗೇರಿಯ ವರೆಗೆ ಜನರೆಲ್ಲರೂ ಅದನ್ನು ಕ್ಯಾನ್ಸರ್ ದವಾಖಾನೆ ಎಂದೇ ಕರೆಯುತ್ತಾರೆ. ಅಲ್ಲಿ ಇಳಿಯುವಾಗ ಬಸ್ಸಿನಲ್ಲಿದ್ದವರೆಲ್ಲರೂ ಅವನ ಮುಖವನ್ನು ನೋಡುತ್ತಾರೆ. ಒಳಗೆ ಸಾಲಿನಲ್ಲಿ ಕೂತವರ ಕುತ್ತಿಗೆಯಲ್ಲಿಯೂ ಗಲ್ಲದಲ್ಲಿಯೂ ಗಂಟುಗಳಿವೆ, ಮಗ್ಗುಲಿನವನು ತನಗೆ ಎಷ್ಟು ಸಾರಿ ಕರೆಂಟು ಕೊಟ್ಟರೆಂಬದನ್ನು ಎಣಿಸಿ ಹೇಳುತ್ತಾನೆ. ಇಷ್ಟಾದ ಮೇಲೆ ಮಗನು, ಇದು ಬರೇ ಹುಣ್ಣು ಎನ್ನುತ್ತಾನೆ. ತಂದೆಯು ಹೂಂ ಎನ್ನುತ್ತಾನೆ. ಯಾರು ಯಾರನ್ನು ಮರುಳುಮಾಡಿದರು? ಮಗನು ತಂದೆಯನ್ನು ಕಾಪಾಡುತ್ತೇನೆಂದು ಸುಳ್ಳಾಡುತ್ತಾನೆ. ತಂದೆಯು ಮಗನನ್ನು ಕಾಪಾಡುತ್ತೇನೆಂದು ನಂಬಿದವನ ಹಾಗೆ ನಟಿಸುತ್ತಾನೆ. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಕತ್ತಲೆಯಲ್ಲಿ ಅಳುತ್ತಾರೆ. ಈ ಸುಳ್ಳಿನ ಮೊದಲನೆಯ ಕೇಡು ಇದೇ. ಅದು ಸುದ್ದಿಯನ್ನು ಮರೆಮಾಡಲಾರದು, ಮಾತನಾಡುವ ಬಾಗಿಲನ್ನು ಮಾತ್ರ ಮುಚ್ಚುತ್ತದೆ.

ಎರಡನೆಯ ಕೇಡು ಗುಳಿಗೆಯಲ್ಲಿ ಕಾಣುತ್ತದೆ. ಕಡುನೋವಿಗೆ ಮಾರ್ಫಿನ್ ಗುಳಿಗೆಯನ್ನು ನಾಲ್ಕು ತಾಸಿಗೊಮ್ಮೆ ಕೊಡುವದು ರೂಢಿ. ನೋವು ಬಂದ ಮೇಲೆ ಓಡಿ ಹೋಗಿ ಕೊಡುವದಲ್ಲ, ನೋವು ತಲೆಯೆತ್ತುವ ಮೊದಲೇ ಗಡಿಯಾರವನ್ನು ನೋಡಿ ಕೊಡುವದು. ಅದರ ಕೂಡ ಮಲಬದ್ಧತೆಗೆ ಔಷಧವನ್ನೂ ತಪ್ಪದೆ ಕೊಡಬೇಕು. ಇದನ್ನೆಲ್ಲಾ ರೋಗಿಯು ತಿಳಿದಿದ್ದರೆ ತಾನೇ ಹೊತ್ತು ನೋಡಿ ಕೇಳುವನು. ಆದರೆ ಮನೆಯವರು ಅವನಿಗೆ, ಇದು ಶಕ್ತಿಯ ಗುಳಿಗೆ ಎಂದಿರುತ್ತಾರೆ. ಎರಡು ದಿನ ನೋವಿಲ್ಲದೆ ಮಲಗಿದ ಅವನು, ಈಗ ಮೈಯಲ್ಲಿ ಹಗುರವಾಗಿದೆ, ಶಕ್ತಿಯ ಗುಳಿಗೆಗೆ ದುಡ್ಡು ಯಾಕೆ ಹಾಳುಮಾಡುತ್ತೀರೆಂದು ನಿಲ್ಲಿಸಿಬಿಡುತ್ತಾನೆ. ಆ ರಾತ್ರಿಯ ನೋವಿಗೆ ಹೊಣೆ ಯಾರು?

ಮೂರನೆಯದು ಹೊಲಮನೆಗಳ ವಿಷಯ. ಇದರಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ. ನವಲಗುಂದದ ಕಡೆಯ ಒಬ್ಬ ರೈತನನ್ನು ಎಣಿಸಿಕೊಳ್ಳಿರಿ. ಎಂಟು ಎಕರೆ ಎರೆ ಭೂಮಿ, ಇಬ್ಬರು ಗಂಡು ಮಕ್ಕಳು, ಮದುವೆಗೆ ಬಂದ ಒಬ್ಬ ಮಗಳು, ಸೊಸೈಟಿಯಲ್ಲಿ ಸಾಲ. ಹುಬ್ಬಳ್ಳಿಯ ಡಾಕ್ಟರರು ಇನ್ನು ಮನೆಯಲ್ಲಿಯೇ ಇಟ್ಟುಕೊಳ್ಳಿರಿ ಎಂದಿದ್ದಾರೆ. ಮಕ್ಕಳಿಗೆ ಮನಸ್ಸು ಒಪ್ಪದು. ಬೆಂಗಳೂರಿಗೆ ಒಯ್ಯೋಣ, ಮುಂಬಯಿಗೆ ಒಯ್ಯೋಣ ಎಂದು ಮೂರು ಎಕರೆಯನ್ನು ಮಾರುವದಕ್ಕೆ ತೊಡಗುತ್ತಾರೆ. ಉತಾರದಲ್ಲಿ ಹೆಸರು ತಂದೆಯದು, ಆದದರಿಂದ ಸಹಿಯೂ ಅವನದೇ ಬೇಕು. ನಿನ್ನ ಪ್ರಾಣಕ್ಕಾಗಿ ಹೊಲವನ್ನು ಮಾರುತ್ತೇವೆಂದು ಹೇಳಲಾರದೆ, ಬೆಳೆ ವಿಮೆಯ ಕಾಗದವೆಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಆ ಭೂಮಿಯನ್ನು ತಂದೆಯಿಂದ ಪಡೆದು, ಬರಗಾಲಗಳಲ್ಲಿಯೂ ಮಾರದೆ ಉಳಿಸಿದ ಮನುಷ್ಯನನ್ನು ಒಂದು ಮಾತು ಕೇಳಿದ್ದರೆ, ನನಗೋಸ್ಕರ ಹೊಲ ಮಾರಬೇಡಿರಿ, ಹುಡುಗಿಯ ಮದುವೆ ಮಾಡಿರಿ ಎಂದು ಹೇಳುತ್ತಿದ್ದನೋ ಏನೋ. ಅಥವಾ ಮಾರಿರಿ, ನಾನು ಬದುಕಬೇಕೆಂದು ಹೇಳುತ್ತಿದ್ದನು. ಅದೂ ಅವನ ಮಾತೇ. ಈಗ ಎರಡನ್ನೂ ಹೇಳುವ ಅಧಿಕಾರವು ಅವನಿಂದ ಹೋಯಿತು. ಕಡೆಗೆ ರೋಗಿಯೂ ಉಳಿಯುವದಿಲ್ಲ, ಹೊಲವೂ ಉಳಿಯುವದಿಲ್ಲ, ಸೊಸೈಟಿಯ ಬಾಕಿಯ ಲೆಕ್ಕವು ಯಾರಿಗೂ ತಿಳಿಯದು. ವಿಧವೆಯು ಕಚೇರಿಯಿಂದ ಕಚೇರಿಗೆ ತಿರುಗುವಳು.

ಕೆಲವರು ಇಲ್ಲಿ ಆಕ್ಷೇಪಿಸಬಹುದು: ನಮ್ಮಲ್ಲಿ ಒಬ್ಬೊಬ್ಬನ ಬಾಳು ಒಬ್ಬೊಬ್ಬನದಲ್ಲ, ಮನೆತನದ್ದು, ಆದದರಿಂದ ಮನೆಯವರು ತಿಳಿದರೆ ಸಾಕು, ಎಂದು. ಈ ಮಾತಿನಲ್ಲಿ ತಿರುಳಿದೆ, ನಾವು ತಳ್ಳಿಬಿಡುವದಿಲ್ಲ. ಆದರೆ ಮನೆತನವೆಂದರೆ ಯಾರು? ಎತ್ತು ಕೊಳ್ಳುವಾಗ, ಹೆಣ್ಣು ಕೊಡುವಾಗ, ಪಾಲು ಹಂಚುವಾಗ ಯಾರನ್ನು ಕೇಳುತ್ತಿದ್ದರು? ಈ ಮುದುಕನನ್ನೇ. ಎಲ್ಲಾ ಸಂಗತಿಗಳಲ್ಲಿ ಹಿರಿಯನಾಗಿದ್ದವನು ತನ್ನ ಮರಣದ ಸಂಗತಿಯಲ್ಲಿ ಮಾತ್ರ ತೊಟ್ಟಿಲ ಕೂಸಾದನೋ? ಶರಣರ ಗುಣವನ್ನು ಮರಣದಲ್ಲಿ ಕಾಣು ಎಂಬ ಗಾದೆಯು ಈ ನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಮರಣವು ಮನುಷ್ಯನ ಮೇಲೆ ಬಂದು ಬೀಳುವದು ಮಾತ್ರವಲ್ಲ, ಅವನು ಮಾಡತಕ್ಕ ಒಂದು ಕೆಲಸವೂ ಹೌದೆಂದು ಹಿರಿಯರು ತಿಳಿದಿದ್ದರೆಂಬದಕ್ಕೆ ಇದೇ ಸಾಕ್ಷಿ. ಆ ಕೆಲಸವನ್ನು ಅವನಿಗೆ ತಿಳಿಸದೆ ಅವನ ಕೈಯಿಂದ ಮಾಡಿಸುವದು ಹೇಗೆ?

ಹಾಗಾದರೆ ದಾದಿಯು ಗಾಯದ ಪಟ್ಟಿಯನ್ನು ಬಿಚ್ಚುತ್ತಲೇ, ನೀನು ಸಾಯುತ್ತೀ ಎಂದು ಹೇಳಿಬಿಡಬೇಕೋ? ಎಂದಿಗೂ ಅಲ್ಲ. ಕೇರಳದಲ್ಲಿ ಈ ಸೇವೆಯನ್ನು ಬೆಳೆಸಿದ ಡಾಕ್ಟರ್ ಎಂ. ಆರ್. ರಾಜಗೋಪಾಲ ಎಂಬವರು ತಮ್ಮ ಆರಂಭದ ದಿನಗಳ ಒಂದು ಸಂಗತಿಯನ್ನು ತಾವೇ ಬಹಿರಂಗವಾಗಿ ಹೇಳಿದ್ದಾರೆ. ಕ್ಯಾನ್ಸರಿನಿಂದ ತೀವ್ರ ನೋವನ್ನು ಅನುಭವಿಸುತ್ತಿದ್ದ ಒಬ್ಬ ಕಾಲೇಜು ಅಧ್ಯಾಪಕರಿಗೆ ಅವರು ನರಕ್ಕೆ ಸೂಜಿಮದ್ದು ಕೊಟ್ಟು ನೋವನ್ನು ನಿಲ್ಲಿಸಿದರು. ಮತ್ತೆ ಯಾವಾಗ ಬರಬೇಕೆಂದು ಅವರು ಕೇಳಿದಾಗ, ಇನ್ನು ಬರುವ ಅವಶ್ಯವಿಲ್ಲವೆಂಬಂತೆ ಉತ್ತರ ಬಂತು. ತನ್ನ ರೋಗವು ವಾಸಿಯಾಗದೆಂಬದು ಆ ಮನುಷ್ಯನಿಗೆ ಅದುವರೆಗೆ ತಿಳಿದಿರಲಿಲ್ಲ. ಆ ಒಂದು ಮಾತಿನಿಂದ ತಿಳಿಯಿತು. ಅವರು ಮನೆಗೆ ಹೋಗಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ನೋವು ನಿಂತಿತ್ತು, ಸೂಜಿಯು ಸರಿಯಾದ ಸ್ಥಳಕ್ಕೆ ಮುಟ್ಟಿತ್ತು. ಮನುಷ್ಯನು ಮಾತ್ರ ಒಬ್ಬನೇ ಉಳಿದಿದ್ದನು. ಈ ಕಥೆಯನ್ನು ಮರೆಮಾಡುವವರು ತಮ್ಮ ಪಕ್ಷಕ್ಕೆ ಎತ್ತಿಕೊಳ್ಳಬಹುದು. ನಮಗೆ ಅದು ಎರಡೂ ಕಡೆಗೆ ಹೊಡೆಯುತ್ತದೆ. ಮೊದಲು ಮರೆಮಾಡಿದ್ದರಿಂದಲೇ ಸತ್ಯವು ಕಳ್ಳನ ಹಾಗೆ ಕಿಟಕಿಯಿಂದ ಬಂತು; ಬಂದಾಗ ಬಳಿಯಲ್ಲಿ ಕೂತಿರುವವರು ಯಾರೂ ಇರಲಿಲ್ಲ.

ಮತ್ತೂ ಒಂದು ಮಾತು. ತಿಳಿಯುವದು ಬೇಡವೆನ್ನುವ ರೋಗಿಗಳೂ ಇದ್ದಾರೆ. ಡಾಕ್ಟರರು ಏನಂದರೆಂದು ಒಂದು ಸಲವೂ ಕೇಳದೆ, ಮಾತು ಹತ್ತಿರ ಬಂದ ಕೂಡಲೆ ಮಳೆ ಬೆಳೆಯ ಕಡೆಗೆ ತಿರುಗಿಸುವವರನ್ನು ನಾವು ಬಲ್ಲೆವು. ಅಂಥವರ ಬಾಯಿ ತೆರೆದು ಸತ್ಯವನ್ನು ಕಷಾಯದ ಹಾಗೆ ಹೊಯ್ಯುವ ಅಧಿಕಾರವು ದಾದಿಗೂ ಇಲ್ಲ, ಉಪದೇಶಿಗೂ ಇಲ್ಲ. ತಿಳಿವಳಿಕೆಯು ರೋಗಿಯ ಸೊತ್ತು. ಸೊತ್ತನ್ನು ಈಗ ತೆಗೆದುಕೊಳ್ಳುತ್ತಾನೋ, ಆಮೇಲೆಯೋ, ಇಲ್ಲವೇ ಇಲ್ಲವೋ, ಅದು ಅವನ ಇಷ್ಟ. ಕೇಳಿದಾಗ ಬಚ್ಚಿಡುವದು ಮಾತ್ರ ಕಳವು.

ಕೇಳುವದಕ್ಕೆ ಶಕ್ತಿ ಬೇಕು. ನೋವಿನಿಂದ ಹಲ್ಲು ಕಚ್ಚಿಕೊಂಡವನು ಏನು ಕೇಳಾನು, ಏನು ತಿಳಿದುಕೊಂಡಾನು? ಆದದರಿಂದ ಸತ್ಯಕ್ಕಿಂತ ಮೊದಲು ಗುಳಿಗೆಯು ಹೋಗಬೇಕು. ಇದನ್ನು ಚೆನ್ನಾಗಿ ಕಂಡವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬ ಸ್ತ್ರೀ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ದಾದಿಯಾಗಿ ತರಬೇತಿ ಹೊಂದಿದರು. ಬೆನ್ನುನೋವಿನ ದೆಸೆಯಿಂದ ಆ ಕೆಲಸವನ್ನು ಬಿಟ್ಟು ಆಸ್ಪತ್ರೆಯಲ್ಲಿ ರೋಗಿಗಳ ಮನೆವಾರ್ತೆಯನ್ನು ವಿಚಾರಿಸುವ ಉದ್ಯೋಗಕ್ಕೆ ಸೇರಿದರು. ಕಡೆಗೆ 1957ರಲ್ಲಿ ವೈದ್ಯರಾದರು. 1967ರಲ್ಲಿ ಲಂಡನಿನಲ್ಲಿ ಸಂತ ಕ್ರಿಸ್ಟೊಫರನ ಹೆಸರಿನ ಹಾಸ್ಪಿಸನ್ನು, ಅಂದರೆ ಕೊನೆಯ ದಿನಗಳವರಿಗೆ ಆರೈಕೆ ಕೊಡುವ ಮನೆಯನ್ನು, ತೆರೆದರು. ಮರಣೋನ್ಮುಖರ ಮಾತುಗಳನ್ನು ಅವರು ಯಂತ್ರದಲ್ಲಿ ಹಿಡಿದಿಟ್ಟು ಕೇಳುತ್ತಾ, ನೋವು ಎಂಬದು ಶರೀರದಲ್ಲಿ ಮಾತ್ರ ಇರುವದಲ್ಲ, ಮನಸ್ಸಿನ ಭಯವೂ ಮನೆಯ ಚಿಂತೆಯೂ ಆತ್ಮದ ಕಳವಳವೂ ಕೂಡಿ ಒಂದೇ ಗಂಟಾಗಿರುತ್ತದೆಂದು ಕಲಿಸಿದರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕರುಣಾಶ್ರಯವು ಇಂಥಾ ಮನೆ. ಅದರ ಟ್ರಸ್ಟು 1994ರಲ್ಲಿ ಸ್ಥಾಪಿತವಾಯಿತು, 1999ರಿಂದ ರೋಗಿಗಳನ್ನು ಇಟ್ಟುಕೊಂಡು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾ ಬಂದಿದೆ.

ಮಾರ್ಫಿನ್ ಎಂಬದು ಅಫೀಮಿನಿಂದ ತೆಗೆದ ಔಷಧವಾದದರಿಂದ ಅದು ಚಟ ಹಿಡಿಸುತ್ತದೆ, ಸಾವನ್ನು ಬೇಗನೆ ತರುತ್ತದೆ ಎಂಬ ಹೆದರಿಕೆಯು ಭಕ್ತರಾದವರಲ್ಲಿ ಹೆಚ್ಚಾಗಿದೆ. ಬಲ್ಲ ವೈದ್ಯರು ನೋವಿಗೆ ತಕ್ಕಷ್ಟು ಅಳತೆಮಾಡಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವದಿಲ್ಲ. ವಿಚಿತ್ರವೇನಂದರೆ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಿಗೆಯಿಂದ ಅಫೀಮಿನ ಗಿಡವನ್ನು ಬೆಳೆದು ಪರದೇಶಗಳ ಔಷಧಕ್ಕೆ ಕಳುಹಿಸಿದ ದೇಶವೇ, 1985ರ ಮಾದಕ ದ್ರವ್ಯಗಳ ಕಾಯಿದೆಯ ಬಿಗಿಯಿಂದ ತನ್ನ ರೋಗಿಗಳಿಗೆ ಒಂದು ಗುಳಿಗೆ ಸಿಕ್ಕದಂತೆ ಮಾಡಿಕೊಂಡಿತ್ತು. 2014ರಲ್ಲಿ ಆ ಕಾಯಿದೆಯನ್ನು ತಿದ್ದಿದರು. ಆದರೆ ಅಂಗಡಿಗಳಲ್ಲಿ ಅದು ಕಡಲೆಯ ಹಾಗೆ ದೊರೆಯುವದಿಲ್ಲ. ಮಾನ್ಯತೆ ಹೊಂದಿದ ಸಂಸ್ಥೆಗಳಿಂದಲೇ ತರಬೇಕು.

ಈಗ ತಿರಿಗಿ ಆ ಮನೆಯ ಹೊಸ್ತಿಲಿಗೆ ಬರೋಣ. ನಮ್ಮ ತೀರ್ಪೇನಂದರೆ, ದಾದಿಯು ಅಂಗಳದಲ್ಲಿಯೇ ಮಗನಿಗೆ ಸ್ಪಷ್ಟವಾಗಿ ಹೇಳಬೇಕು: ನಾನಾಗಿ ಬಾಯಿ ತೆರೆದು ಹೇಳುವದಿಲ್ಲ, ಆದರೆ ಅವರು ಕೇಳಿದರೆ ಸುಳ್ಳಾಡುವದಿಲ್ಲ. ಇದನ್ನು ಮೊದಲನೆಯ ದಿನವೇ ಹೇಳದವಳು ಮಗನಿಗೂ ಮೋಸ ಮಾಡಿದಳು. ರೋಗವು ಇಂಥಾದ್ದು, ಇನ್ನು ಇಷ್ಟು ಕಾಲ ಎಂದು ನಿರ್ಣಯಿಸಿ ಹೇಳುವದು ವೈದ್ಯರ ಕೆಲಸ. ಅವರ ಪೀಠವನ್ನು ಅವಳು ಏರಬಾರದು. ಆದರೆ ವೈದ್ಯರು ವಾರಕ್ಕೊಂದು ಸಲ ಐದು ನಿಮಿಷ ನಿಲ್ಲುವರು, ಅವಳು ಮೈ ತೊಳೆಯುತ್ತಾ ಅರ್ಧ ತಾಸು ಕೂತಿರುವಳು. ಮನುಷ್ಯರು ಇಂಥಾ ಪ್ರಶ್ನೆಗಳನ್ನು ಬೆನ್ನು ತೊಳೆಯುವವರಿಗೇ ಕೇಳುತ್ತಾರೆ. ಡಾಕ್ಟರರನ್ನು ಕೇಳಿರಿ ಎಂಬ ಮಾತಿನ ಹಿಂದೆ ಅವಳು ಅಡಗಿಕೊಂಡರೆ, ಆ ಪ್ರಶ್ನೆಯು ಎರಡನೆಯ ಸಾರಿ ಹುಟ್ಟದೆ ಹೋದೀತು. ಅನುಭವಸ್ಥ ದಾದಿಯರು ನಡಿಸುವ ಸಂಭಾಷಣೆಯು ಹೆಚ್ಚು ಕಡಿಮೆ ಈ ಪ್ರಕಾರ ಇರುತ್ತದೆ.

“ತಂಗೀ, ನಾ ಉಳೀತೇನೋ ಇಲ್ಲೋ?”

“ಯಾಕ್ರೀ ಮುತ್ಯಾ, ಹಂಗ್ಯಾಕ ಅನಸ್ತೈತಿ ನಿಮಗ?”

“ಕೂಳು ಹೋಗವಲ್ದು. ಎದ್ದು ನಿಂದ್ರಾಕ ಕಸುವಿಲ್ಲ. ಇದು ಮಾಯೋ ಹುಣ್ಣಲ್ಲ, ನನಗ ಗೊತ್ತೈತಿ.”

“ಕಸುವು ಕಮ್ಮಿ ಆಗಾಕತ್ತೈತ್ರೀ, ನನಗೂ ಕಾಣತೈತಿ. ಅದು ಮಾಯೋದು ಕಷ್ಟ.”

“ಇನ್ನ ಎಷ್ಟ ದಿನ?”

“ದಿನದ ಲೆಕ್ಕ ನನಗ ಗೊತ್ತಿಲ್ರೀ. ತ್ರಾಸ ಆಗದಂಗ ನೋಡಿಕೋತೇವಿ. ನಾ ಬರೋದು ಬಿಡಾಂಗಿಲ್ಲ.”

ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿರಿ. ಮರಣದಂಡನೆಯನ್ನು ಓದಿ ಹೇಳಿದ ಹಾಗೆಯೂ ಇಲ್ಲ. ಅವನು ತಿಳಿದದ್ದನ್ನು ಅವನ ಬಾಯಿಂದಲೇ ಹೊರಡಿಸಿ, ಅವನು ನಿಂತಲ್ಲಿಯೇ ಅವಳೂ ನಿಂತಳು, ಅಷ್ಟೇ. ಕೊನೆಯ ಮಾತು ಬಹಳ ಭಾರವಾದದ್ದು. ನಾ ಬರೋದು ಬಿಡಾಂಗಿಲ್ಲ ಎಂದವಳು ಮುಂದಿನ ವಾರ ಬಾರದೆ ಇದ್ದರೆ, ಇಡೀ ಸಂಭಾಷಣೆಯು ಸುಳ್ಳಾಗುವದು.

ಈ ಪ್ರಶ್ನೆಯು ಮನೆಯ ಒಳಗಿನದು ಮಾತ್ರವಲ್ಲ, ಈಗ ಕ಼ಾನೂನಿನ ಒಳಗೂ ಬಂದಿದೆ. 2018ರ ಮಾರ್ಚ್ 9ರಂದು ದೇಶದ ಸರ್ವೋಚ್ಚ ನ್ಯಾಯಾಲಯವು, ವಾಸಿಯಾಗುವ ಆಶೆಯಿಲ್ಲದವನು ಯಂತ್ರಗಳಿಂದ ತನ್ನ ಉಸಿರನ್ನು ಎಳೆಯುತ್ತಾ ಇಡಬಾರದೆಂದು ಮುಂಚಿತವಾಗಿ ಬರೆದಿಡಬಹುದೆಂದು ತೀರ್ಪುಕೊಟ್ಟಿತು. 2023ರಲ್ಲಿ ಅದರ ಕ್ರಮವನ್ನು ಸುಲಭಮಾಡಿದರು; ಇಬ್ಬರು ಸಾಕ್ಷಿಗಳ ಮುಂದೆ ಸಹಿಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢಪಡಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವು ಇದನ್ನು ನಡಿಸುವದಕ್ಕೆ ಆಜ್ಞೆ ಹೊರಡಿಸಿತು. ಒಳ್ಳೇದು. ಆದರೆ ತನಗೆ ಹುಣ್ಣು ಮಾತ್ರ ಆಗಿದೆ ಎಂದು ನಂಬಿಸಲ್ಪಟ್ಟವನು ಯಾವ ಕಾಗದವನ್ನು ಬರೆದಾನು? ಅಧಿಕಾರವು ಕೈಗೆ ಬಂತು, ಅದನ್ನು ಓದುವ ದೀಪವನ್ನು ಮನೆಯವರು ಆರಿಸಿಟ್ಟರು.

ಕೇಳಲಾರದವರ ಗತಿ ಏನು? ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಸಂಗತಿಯನ್ನು ಅನೇಕರು ಓದಿದ್ದೀರಿ. 1973ರ ನವೆಂಬರ್ 27ರಂದು ಆ ಆಸ್ಪತ್ರೆಯಲ್ಲಿಯೇ ಒಬ್ಬ ದುಷ್ಟನ ಬಲಾತ್ಕಾರಕ್ಕೆ ಒಳಗಾಗಿ ಮೆದುಳು ಕೆಟ್ಟು, 2015ರ ಮೇ 18ರಂದು ತೀರಿಕೊಳ್ಳುವ ತನಕ ಅಲ್ಲಿಯೇ ಮಲಗಿದ್ದರು. ಅವರ ಪರವಾಗಿ ಮಾತಾಡುವ ಅಧಿಕಾರವು ಯಾರದೆಂಬ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ, 2011ರ ಮಾರ್ಚ್ 7ರಂದು ನ್ಯಾಯಾಧೀಶರು ಆ ಅಧಿಕಾರವನ್ನು ದಯಾಮರಣಕ್ಕಾಗಿ ಅರ್ಜಿಮಾಡಿದ ಲೇಖಕಿಗೆ ಕೊಡದೆ, ಅಷ್ಟು ವರುಷಗಳು ಅವರಿಗೆ ಉಣ್ಣಿಸಿ ಮೈ ತೊಳೆದ ಆಸ್ಪತ್ರೆಯವರಿಗೇ ಕೊಟ್ಟರು. ದಾದಿಯರ ಆರೈಕೆಯಲ್ಲಿ ಹಾಸಿಗೆ ಹುಣ್ಣುಗಳು ಬೀಳದೆ ಇದ್ದದ್ದು ನ್ಯಾಯಾಲಯದ ಗಮನಕ್ಕೂ ಬಂತು. ಮಾತು ಕೇಳಿಸದವರಿಗೆ ಸುಳ್ಳಾಗಲಿ ಸತ್ಯವಾಗಲಿ ಹೇಳುವ ಪ್ರಶ್ನೆಯೇ ಇಲ್ಲ. ಅಲ್ಲಿ ಕೈಗಳೇ ಮಾತಾಡಿದವು.

ಸಭೆಯವರಾದ ನಮಗೂ ಒಂದು ಮಾತು ಇದೆ; ಅಪ್ರಿಯವಾದರೂ ಹೇಳಿಬಿಡುತ್ತೇವೆ. ಹಾಸಿಗೆ ಹಿಡಿದವರನ್ನು ಕಾಣುವದಕ್ಕೆ ಹತ್ತು ಮಂದಿ ಕೂಡಿಕೊಂಡು ಹೋಗಿ, ನೀನು ಏಳುತ್ತೀ, ಬರುವ ಸುಗ್ಗಿಗೆ ಹೊಲಕ್ಕೆ ಹೋಗುತ್ತೀ, ನಂಬಿಕೆ ಇಡು ಎಂದು ಗಟ್ಟಿಯಾಗಿ ಹೇಳಿ ಎದ್ದು ಬರುವ ವಾಡಿಕೆ ನಮ್ಮಲ್ಲಿದೆ. ಸ್ವಸ್ಥತೆಗಾಗಿ ಬೇಡಿಕೊಳ್ಳುವದನ್ನು ನಾವು ತಪ್ಪೆನ್ನುವದಿಲ್ಲ. ಆದರೆ ದೇವರು ಕೊಡದ ಮಾತನ್ನು ದೇವರ ಹೆಸರಿನಿಂದ ಕೊಟ್ಟು ಬಂದರೆ, ಒಂದು ತಿಂಗಳಾದ ಮೇಲೆ ಕ್ಷೀಣಿಸುತ್ತಿರುವ ಆ ಮನುಷ್ಯನು ರೋಗದ ಭಾರದ ಮೇಲೆ, ನನ್ನ ನಂಬಿಕೆಯೇ ಸಾಲದೆ ಹೋಯಿತೆಂಬ ಭಾರವನ್ನೂ ಹೊರುವನು. ಮರುದಿನ ಬೆಳಿಗ್ಗೆ ಬಂದ ದಾದಿಯು ಆ ಭಾರವನ್ನು ಇಳಿಸಬೇಕಾಗುವದು.

ಕಡೆಯದಾಗಿ, ಈಗಾಗಲೇ ಮೂರು ತಿಂಗಳು ಸುಳ್ಳು ನಡೆದಿರುವ ಮನೆಯಲ್ಲಿ ಮಾಡತಕ್ಕದ್ದೇನು? ಮಗನು, ಈಗ ಯಾವ ಮುಖದಿಂದ ಹೇಳಲಿ ಎಂದು ಅಳುತ್ತಾನೆ. ಅವನು ಏನನ್ನೂ ಹೇಳಬೇಕಾಗಿಲ್ಲ. ದಾದಿಯು ಅವನನ್ನು ಜೊತೆಯಲ್ಲಿ ಕರಕೊಂಡು ಹೋಗಿ ಮಂಚದ ಮಗ್ಗುಲಲ್ಲಿ ಕುಳ್ಳಿರಿಸಿ, ಮುತ್ಯಾ, ಮಗನಿಗೆ ನಿಮ್ಮ ಚಿಂತೆ ಬಹಳ ಹತ್ತಿದೆ, ನೀವು ಏನು ತಿಳಿದುಕೊಂಡಿದ್ದೀರಿ ಹೇಳಿರಿ ಎಂದು ಕೇಳಿದರೆ ಸಾಕಾಗುವದುಂಟು. ಮುದುಕನು ಬಹಳ ಹೊತ್ತು ಸುಮ್ಮಗಿದ್ದು ಬಾಯಿ ತೆರೆದಾಗ, ಎಷ್ಟೋ ಸಾರಿ ಮರಣದ ವಿಷಯವನ್ನು ಎತ್ತುವದೇ ಇಲ್ಲ. ಸೊಸೈಟಿಯ ಕಂತು ಕಟ್ಟಿದ್ದೀರೋ, ಹೆಸರಿನ ಕಾಳು ಮಾರಿದಿರೋ, ತಮ್ಮನ ಮನೆಯವರು ಯಾಕೆ ಬಂದಿಲ್ಲ, ಅವನಿಗೆ ಹೇಳಿ ಕಳುಹಿಸು ಎನ್ನುತ್ತಾನೆ. ಮಗನು ಕಣ್ಣೊರಸಿಕೊಂಡು ಬಾಕಿ ಎಷ್ಟಿದೆ ಎಂದು ಲೆಕ್ಕ ಹೇಳುವದಕ್ಕೆ ತೊಡಗುತ್ತಾನೆ. ಆಗ ದಾದಿಯು ರಾತ್ರಿಯ ಗುಳಿಗೆಯನ್ನು ಎಷ್ಟು ಹೊತ್ತಿಗೆ ಕೊಡಬೇಕೆಂದು ಸೊಸೆಗೆ ತಿಳಿಸಿ, ತನ್ನ ಚೀಲವನ್ನು ತೆಗೆದುಕೊಂಡು ಮುಂದಿನ ಮನೆಗೆ ಹೋಗಬಹುದು.